ಸಿಕ್ಕಾ ಬೇಡವೆಂದ ಚೀಟಿ

ಬೆಳಿಗ್ಗೆ ಆರೂವರೆಗೆ ಚಂದಾಪುರದಲ್ಲಿ ಸೇಡಂ ಬಸ್ಸು ಹಿಡಿದೆವು. ನನ್ನ ಚಿಕ್ಕಪ್ಪನ ಮಗಳು ಸುಜಾತಾ ಹಿಂದಿನ ದಿನವೇ ಚಿಮ್ಮನಚೋಡದಿಂದ ಬಂದು ನಮ್ಮಲ್ಲಿ ಉಳಿದಿದ್ದಳು. ಪೋಲಿಯೊದಿಂದ ಅವಳ ಎಡಗಾಲು ಸೊರಗಿದೆ. ಕೋಲು ಹಿಡಿದು ನಡೆಯುತ್ತಾಳೆ. ವಾಡಿಯಲ್ಲಿ ಲಾರಿ ತೂಗುವ ಕಾಟಾದಲ್ಲಿ ಕುಳಿತು ಕಂಪ್ಯೂಟರಿಗೆ ನಂಬರು ಹಾಕುವ ಕೆಲಸ ಖಾಲಿಯಿತ್ತು. ಅರ್ಜಿ ಹಾಕಿಸಿದವನು ನಾನೇ. ಬಸ್ಸಿನಲ್ಲಿ ಅವಳಿಗೆ ಪುಕ್ಕಟೆ ಟಿಕೆಟ್. ಅದರ ಜೊತೆಗೆ ನಾನು ಸೇಡಂವರೆಗೂ ಪುಕ್ಕಟೆ ಬುದ್ಧಿ ಹೇಳುತ್ತ ಹೋದೆ: ಪಗಾರ ನೆಚ್ಚಿಕೊಂಡು ಕೂರಬೇಡ, ಸ್ವಂತ ದುಡಿಮೆ ಇರಲಿ. ಅಂಗವಿಕಲರ ಮಾಸಾಶನವನ್ನು ನಮ್ಮ ಕಡೆ ಪಗಾರ ಎಂದೇ ಕರೆಯುತ್ತಾರೆ. ಎರಡು ವರ್ಷ ಕಚೇರಿ ಅಲೆದು ಅವಳು ಅದನ್ನು ಮಾಡಿಸಿಕೊಂಡಿದ್ದಳು. ತಾಯಿಯ ಗುಳಿಗೆ ಅದರಲ್ಲೇ ಬರುತ್ತದೆ.

ಸೇಡಂನಲ್ಲಿ ಪ್ಯಾಸೆಂಜರ್ ರೈಲು ಮುಕ್ಕಾಲು ಗಂಟೆ ತಡ. ಚಿತ್ತಾಪುರಕ್ಕೆ ಹೊರಟಿದ್ದ ಹೆಂಗಸೊಬ್ಬಳು ಸುಜಾತಾಳ ತೋಳು ಹಿಡಿದು ಹತ್ತಿಸಿಕೊಂಡು, ತನ್ನ ಸೀಟನ್ನೂ ಬಿಟ್ಟುಕೊಡಲು ಬಂದಳು. ಇವಳು ಒಪ್ಪಲಿಲ್ಲ. ಕಾಲಿನ ನೆಪ ಹೇಳುವುದೆಂದರೆ ಅವಳಿಗೆ ಆಗುವುದಿಲ್ಲ. ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಮೂವರೂ ತಿಂದೆವು. ಚಿತ್ತಾಪುರ ದಾಟುವಷ್ಟರಲ್ಲಿ ಬಿಸಿಲು ಏರಿ, ಕಿಟಕಿಯಿಂದ ಬಂದ ಧೂಳು ಹಲ್ಲಿನಲ್ಲಿ ಕರಕರ ಎನ್ನುತ್ತಿತ್ತು.

ವಾಡಿಯಲ್ಲಿ ಕಾಟಾದ ಮ್ಯಾನೇಜರು ಮೊದಲು ಅವಳ ಕೋಲು ನೋಡಿದರು, ಆಮೇಲೆ ಹತ್ತು ಲಾರಿ ನಂಬರು ಟೈಪು ಮಾಡಿಸಿದರು. ಒಂದೂ ತಪ್ಪಲಿಲ್ಲ. ಸದ್ಯ ಮೂರು ತಿಂಗಳಿಗೆ ತೆಗೆದುಕೊಳ್ಳುವೆ, ಮುಂದಿನದು ಮುಂದೆ ಎಂದರು. ಹೆಸರನ್ನು ಪಿಎಫ್‌ಗೆ ಸೇರಿಸಬೇಕು, ಕೆಲಸಕ್ಕೆ ಶಕ್ತಳೆಂದು ಸರ್ಕಾರಿ ವೈದ್ಯರ ಚೀಟಿ ತರಬೇಕು. ನಾನಂತೂ ಹಿರಿಹಿರಿ ಹಿಗ್ಗಿದೆ. ಸುಜಾತಾ ಮಾತ್ರ ಮೂರೇ ತಿಂಗಳೇ ಎಂದು ಇನ್ನೊಮ್ಮೆ ಕೇಳಿಕೊಂಡಳು.

ಶಹಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ನನಗೆ ಪರಿಚಯದ ವೈದ್ಯರಿದ್ದರು. ಆಟೋ ಮಾಡಿಕೊಂಡು ಹೋದೆವು. ಅವರು ಅಂಗವೈಕಲ್ಯದ ಪ್ರಮಾಣಪತ್ರ ಓದಿದರು, ಕಾಲು ನೋಡಿದರು, ಕುಳಿತು ಮಾಡುವ ಕೆಲಸಕ್ಕೆ ಶಕ್ತಳು ಎಂದು ಬರೆದು ಸಹಿ ಮಾಡಿದರು. ಇನ್ನು ಮೊಹರೆತ್ತಿ ಸಿಕ್ಕಾ ಒತ್ತುವುದಷ್ಟೇ ಬಾಕಿ. ಆಗ ಸುಜಾತಾ ನನ್ನ ಕಡೆ ತಿರುಗಿದಳು.

"ಅಣ್ಣಾ, ಮೂರು ತಿಂಗಳಿಗಿ ನನ್ನ ಕೆಲಸದಿಂದ ತೆಗದ್ರ ಪಗಾರ ಮತ್ತ ಚಾಲೂ ಮಾಡ್ತಾರೇನು?"

ಪಿಎಫ್‌ನಲ್ಲಿ ಹೆಸರು ಕಂಡರೆ ಆದಾಯ ಹೆಚ್ಚಾಯಿತೆಂದು ಪಗಾರ, ರೇಷನ್ ಕಾರ್ಡು ಎರಡೂ ನಿಲ್ಲಬಹುದು. ಇದು ನನಗೆ ತಿಳಿಯದ್ದೇನಲ್ಲ. ದಾರಿಯುದ್ದಕ್ಕೂ ಬುದ್ಧಿ ಹೇಳಿದವನು ಇದೊಂದನ್ನು ಮಾತ್ರ ಹೇಳಿರಲಿಲ್ಲ. ನಾಚಿಕೆಯಾಯಿತು. ಮತ್ತೆ ಅರ್ಜಿ ಹಾಕಬೇಕಾಗುತ್ತದೆ ಎಂದೆ. ಮತ್ತೆ ಎರಡು ವರ್ಷವೇ ಎಂದು ಕೇಳಿದಳು.

"ಅಲ್ಲಿತನಾ ಅವ್ವಗ ಗುಳಗಿ ಯಾರು ತರ್ತಾರ?" ಎಂದವಳು ವೈದ್ಯರಿಗೆ ಕೈ ಮುಗಿದಳು. "ಸಾಹೇಬ್ರ, ಸಿಕ್ಕಾ ಹಾಕಬ್ಯಾಡ್ರಿ."

ಸಂಜೆ ವಾಡಿಗೆ ಮರಳಿ, ಸೇಡಂ ರೈಲಿಗಾಗಿ ಕಾಯುತ್ತಿದ್ದೆವು. ಮ್ಯಾನೇಜರ ಫೋನು ಬಂತು: ಚೀಟಿ ಸಿಕ್ಕಿತೇ, ನಾಳೆಯಿಂದ ಬರುತ್ತಾಳೆಯೇ? ಸುಜಾತಾ ಸ್ಪೀಕರ್ ಹಾಕಿ ಫೋನನ್ನು ನನ್ನ ಕೈಗಿಟ್ಟಳು.

"ಪಗಾರದ ಮಾತು ತೆಗೀಬ್ಯಾಡ, ಕಚೇರಿಗಿ ಮುಟ್ಟಿದ್ರ ಅದೂ ನಿಂತೀತು," ಎಂದಳು ಫೋನಿಗೆ ಅಂಗೈ ಮುಚ್ಚಿ, ಮೆಲ್ಲಗೆ. "ಕಾಲು ಭಾಳ ನೋಯ್ತದ, ಆಗಂಗಿಲ್ಲಂತ ಹೇಳು."

ಹಾಗೆಯೇ ಹೇಳಿದೆ. ಆ ಮನುಷ್ಯ ಸಿಟ್ಟಾಗಲಿಲ್ಲ. ಸುಜಾತಾ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು.

"ನನಗ ಆಕಿ ಕೋಲು ನೋಡಿದಾಗೇ ಗೊತ್ತಾಗಿತ್ರಿ," ಎಂದರು ಅವರು. "ಇನ್ನ ಮುಂದ ಇಂಥೋರಿಗಿ ಕಳಸಬ್ಯಾಡ್ರಿ."