ಕಪ್ಪತಗುಡ್ಡದಲ್ಲಿ ಬಾಡಿಗೆ ದನಿ

ಎರಡು ಚಳಿಗಾಲದ ಹಿಂದಿನ ಮಾತು. ಆಗ ನಾನು ಕಪ್ಪತಗುಡ್ಡದ ಬುಡದಲ್ಲಿ, ಮುಂಡರಗಿ ರಸ್ತೆಯಿಂದ ಸ್ವಲ್ಪ ಒಳಗಿದ್ದ ಒಂದು ತಂಗುಮನೆಯಲ್ಲಿ ನ್ಯಾಚುರಲಿಸ್ಟ್ ಆಗಿದ್ದೆ. ನ್ಯಾಚುರಲಿಸ್ಟ್ ಎಂದರೆ ಅತಿಥಿಗಳನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ಪ್ರಾಣಿ ಪಕ್ಷಿ ತೋರಿಸುವವನು. ಅವು ಕಾಣದಿದ್ದಾಗ ಅವುಗಳ ಬಗ್ಗೆ ಇನ್ನೂ ಹೆಚ್ಚು ಮಾತಾಡುವವನು. ನನ್ನ ಅಂಗಿಯ ಜೇಬಿನ ಮೇಲೆ ಆ ಪದವನ್ನು ಹಸಿರು ದಾರದಲ್ಲಿ ಹೊಲಿಸಿದ್ದರು. ಜೀಪಿನ ಡ್ರೈವರ್ ಖಾದರ ಚಾಚಾ ಅದನ್ನು ಓದುವ ಗೋಜಿಗೆ ಹೋಗದೆ ನನ್ನನ್ನು "ನಕಲಿ" ಎಂದೇ ಕರೆಯುತ್ತಿದ್ದರು. ಕಾರಣವಿತ್ತು. ಗೌಜಲಹಕ್ಕಿ, ನರಿ, ನವಿಲು, ತಂಗುಮನೆಯ ಮಾಲೀಕರು, ಮಾಲೀಕರ ಮುಂದೆ ಕೈಕಟ್ಟಿ ನಿಂತ ನಾನು, ಎಲ್ಲರ ದನಿಯೂ ನನ್ನ ಗಂಟಲಲ್ಲಿತ್ತು. ಸ್ವಂತ ದನಿ ಯಾವುದೆಂದು ಕೇಳಿದ್ದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತಿತ್ತು.

ಚಳಿಗಾಲದಲ್ಲಿ ಆ ಗುಡ್ಡ ಬೆಳಗಿನ ಹೊತ್ತು ನೆಲದ ಮೇಲೆ ಇರುವುದಿಲ್ಲ. ಮಂಜು ಬುಡವನ್ನು ನುಂಗಿರುತ್ತದೆ. ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ಮಾತ್ರ ಯಾವ ಅವಸರವೂ ಇಲ್ಲದೆ ತಿರುಗುತ್ತಿರುತ್ತವೆ, ಯಾರೋ ಕನಸಿನಲ್ಲಿ ಕೈ ಬೀಸಿದ ಹಾಗೆ. ಬಿಸಿಲು ಏರಿದಂತೆ ಇಳಿಜಾರಿನ ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಕಾಲಿಟ್ಟರೆ ನಿಂಬೆಹಣ್ಣಿನ ವಾಸನೆ ಏಳುತ್ತದೆ. ದೂರದ ಹಿಮದ ನಾಡುಗಳಿಗೆ ಹೋಗಿ ಬಂದವರೂ ಆ ಹುಲ್ಲಿನ ನಡುವೆ ಜೀಪು ನಿಲ್ಲಿಸಿದಾಗ ಪಿಸುದನಿಗೆ ಇಳಿಯುತ್ತಿದ್ದರು. ನಾನೊಬ್ಬನೇ ಇಳಿಯುತ್ತಿರಲಿಲ್ಲ.

ಇಂಥ ಒಂದು ವಾರ ದಾವಣಗೆರೆಯಿಂದ ಸುಜಾತಾ ಎಂಬ ಕಾಲೇಜು ಉಪನ್ಯಾಸಕಿಯ ಫೋನು ಬಂತು. ತಂದೆಯನ್ನು ಕರೆದುಕೊಂಡು ಮೂರು ದಿನಕ್ಕೆ ಬರುವವರಿದ್ದರು. ತಂದೆಯ ಹೆಸರು ಮಹಾರುದ್ರಪ್ಪ, ಗದಗ ಬಸ್ ನಿಲ್ದಾಣದಲ್ಲಿ ಸಾರಿಗೆ ನಿಯಂತ್ರಕರಾಗಿ ನಿವೃತ್ತರಾದವರು. ಕಿಟಕಿಯ ಹಿಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿದೆ ಎಂದು ಮೈಕಿನಲ್ಲಿ ಕೂಗುವ ಕೆಲಸ. ಫೋನು ಹಿಡಿದವನು ನಾನು ಎದ್ದೇ ನಿಂತೆ. ಗದಗಿಗೆ ಅಂಟಿಕೊಂಡ ಬೆಟಗೇರಿಯ ನಮ್ಮ ಓಣಿಯ ಹುಡುಗರೆಲ್ಲ ಮೊದಲು ಅಣಕಿಸಿದ ದನಿ ಅದು. "ಲಕ್ಷ್ಮೇಶ್ವರ, ಶಿರಹಟ್ಟಿ ಕಡೆ ಹೋಗುವಂಥಾ ಪ್ರಯಾಣಿಕರು..." ಎಂದು ಅವರು ರಾಗ ಎಳೆದರೆ ಹೋಗುವ ಕೆಲಸವಿಲ್ಲದವರಿಗೂ ಶಿರಹಟ್ಟಿಗೆ ಹೋಗಿಬರೋಣ ಎನಿಸುತ್ತಿತ್ತು.

"ಈಗ ಆ ದನಿ ಇಲ್ಲ" ಎಂದರು ಸುಜಾತಾ. ಹಿಂದಿನ ವರ್ಷ ಗಂಟಲಿನ ಕ್ಯಾನ್ಸರ್‌ಗೆ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕುತ್ತಿಗೆಯಲ್ಲಿ ಮಾಡಿದ ಸಣ್ಣ ರಂಧ್ರದಿಂದ ಉಸಿರಾಟ. ಮಾತಿಗೆ ಎಲೆಕ್ಟ್ರೋಲಾರಿಂಕ್ಸ್ ಎಂಬ ಯಂತ್ರ ಕೊಟ್ಟಿದ್ದರು. ಟಾರ್ಚಿನಷ್ಟಿರುವ ಅದನ್ನು ಗಂಟಲಿಗೆ ಒತ್ತಿ ತುಟಿ ಆಡಿಸಿದರೆ, ಅದರ ಗುಂಯ್‌ಗುಡುವ ಕಂಪನವೇ ಮಾತಾಗುತ್ತದೆ. ಮಹಾರುದ್ರಪ್ಪನವರು ಆಸ್ಪತ್ರೆಯಲ್ಲಿ ಒಮ್ಮೆ ಅದನ್ನು ಹಿಡಿದು ಮಗಳ ಹೆಸರು ಕರೆದಿದ್ದರು. ಹೊರಬಂದದ್ದು ಕೇಳಿ ಡಬ್ಬಿಗೆ ಹಾಕಿ ಮುಚ್ಚಿದವರು ಮತ್ತೆ ತೆರೆದಿರಲಿಲ್ಲ. ರೂಢಿ ಮಾಡದಿದ್ದರೆ ಮುಂದೆ ಇನ್ನೂ ಕಷ್ಟ ಎಂದು ಡಾಕ್ಟರು ಎಚ್ಚರಿಸಿದ್ದರು.

"ಜೀವಮಾನ ಪೂರಾ ಮುಂಡರಗಿ ಬಸ್ಸಿಗೆ ಮಂದೀನ ಹತ್ತಿಸ್ಯಾರ, ತಾವು ಒಮ್ಮೆನೂ ಈ ಗುಡ್ಡದಾಗ ಇಳದಿಲ್ಲ. ತೋಳ ನೋಡಬೇಕಂತ ಭಾಳ ಆಸೆ. ಇಲ್ಲಿ ಬಂದ ಮ್ಯಾಲಾದರೂ ಏನರ ಮಾತಾಡಬೇಕು ಅನ್ನಿಸೀತು ಅಂತ..." ಎಂದು ನಿಲ್ಲಿಸಿ, "ನೀವು ಎಲ್ಲಾರ್ನೂ ಅಣಕಸ್ತೀರಂತ ಕೇಳೇನಿ. ಅವರ ಮುಂದ ಬ್ಯಾಡ್ರಿ" ಎಂದರು.

"ಆತ್ರಿ ಅಕ್ಕಾರ" ಎಂದೆ. ಆ ಕ್ಷಣಕ್ಕೆ ಖರೆಯೇ ಹೇಳಿದ್ದೆ.

ಮೊದಲ ಬೆಳಗ್ಗೆ ಮಾಗಡಿ ಕೆರೆಗೆ ಹೋದೆವು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾದ ಹುಲ್ಲುಬಯಲಿನಿಂದ ಹೊರಟು, ಹಿಮಾಲಯವನ್ನೇ ಹಾರಿ ದಾಟಿ, ಶಿರಹಟ್ಟಿ ಸೀಮೆಯ ಈ ಕೆರೆಗೆ ಬಂದು ಕೂರುತ್ತವೆ. ಸುತ್ತಲ ಹೊಲದಲ್ಲಿ ಮೇದು ಅವು ಸಾಲುಸಾಲಾಗಿ ಮರಳುವ ಹೊತ್ತು ಅದು. ನೀರು ಹಾಲಿನ ಹಾಗೆ ಕದಲದೆ ನಿಂತಿತ್ತು. ಮಂಜಿನೊಳಗೆ ಮೊದಲು ದನಿ ಬಂತು, ಆಮೇಲೆ ರೆಕ್ಕೆಗಳು, ಕಡೆಗೆ ಬೂದುಬಣ್ಣದ ಮೈಗಳು. ಒಂದೊಂದೇ ಹಕ್ಕಿ ನೀರನ್ನು ಮುಟ್ಟಿ ಉದ್ದಕ್ಕೆ ಗೆರೆ ಎಳೆದು ನಿಂತುಕೊಳ್ಳುತ್ತಿತ್ತು. ಕುತ್ತಿಗೆಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿಕೊಂಡಿದ್ದ ಮಹಾರುದ್ರಪ್ಪನವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅವರ ತುಟಿ ಅಲುಗಿತು. ನಾನು ಗೊಳ್ಳೆಂದು ನಕ್ಕೆ.

ಸುಜಾತಾ ನನ್ನತ್ತ ತಿರುಗಿದರು. "ಯಾಕ ನಗ್ತೀರಿ?"

"ಕಾಕಾ ಹೇಳಿದ್ದಕ್ರಿ."

"ಏನ್ ಹೇಳಿದ್ರು? ನಿಮಗ ಹೆಂಗ ತಿಳೀತು?"

ನನ್ನ ಅಪ್ಪ ಅವ್ವ ಇಬ್ಬರೂ ಬೆಟಗೇರಿಯ ಪವರ್‌ಲೂಮಿನ ಶೆಡ್ಡಿನಲ್ಲಿ ಸೀರೆ ನೇದವರು. ಆ ಸಪ್ಪಳದಲ್ಲಿ ಕಿವಿಯಿಂದ ಉಪಯೋಗವಿಲ್ಲ. ಒಂದು ಮಗ್ಗದಿಂದ ಇನ್ನೊಂದಕ್ಕೆ ಮಾತೆಲ್ಲ ತುಟಿಯಲ್ಲೇ ಹೋಗುತ್ತದೆ. ಎಳೆ ಹರಿದ ಸುದ್ದಿ, ಊಟದ ಕರೆ, ಪಕ್ಕದ ಮನೆಯ ಚಾಡಿ, ಎಲ್ಲ. ನಮ್ಮವ್ವನ ಬೈಗುಳಗಳನ್ನು ನಾನು ಕಣ್ಣಿನಿಂದಲೇ ಕೇಳಿ ಬೆಳೆದವನು. ಹಾಗಾಗಿ ಮಹಾರುದ್ರಪ್ಪನವರ ಮಾತು ನನಗೆ ಅಚ್ಚುಕಟ್ಟಾಗಿ ಕೇಳಿಸುತ್ತಿತ್ತು. ವರ್ಷವಿಡೀ ಜೊತೆಗಿದ್ದ ಮಗಳಿಗೆ ಹತ್ತರಲ್ಲಿ ಎರಡು ಮಾತು ತಿಳಿದರೆ ಹೆಚ್ಚು. ಆಕೆ ಮತ್ತೆ ಕೇಳಿದಾಗ ನಾಲಿಗೆ ನನ್ನ ಕೈಮೀರಿತು. ಹಳೆಯ ಬಸ್ ನಿಲ್ದಾಣದ ದನಿಯಲ್ಲೇ ಹೇಳಿದೆ: "ಇಷ್ಟ್ ದೂರದಿಂದ ಬಂದಾವ, ಒಂದರ ರಿಸರ್ವೇಶನ್ ಮಾಡಿಸೇತಿ?"

ಸುಜಾತಾ ಬೈನಾಕ್ಯುಲರ್ ಕೆಳಗಿಳಿಸಿದರು. ಖಾದರ ಚಾಚಾ ಸ್ಟೇರಿಂಗಿಗೆ ಹಣೆ ಹಚ್ಚಿಕೊಂಡು "ಸತ್ತೀ ಮಗನ" ಎಂದು ಗೊಣಗಿದರು. ಮಹಾರುದ್ರಪ್ಪನವರು ಮಾತ್ರ ನನ್ನತ್ತ ತಿರುಗಿದರು. ಆಮೇಲೆ ಭುಜ ಕುಲುಕತೊಡಗಿತು. ಸದ್ದಿಲ್ಲದ ನಗೆ. ತುಟಿ ಅಂದಿತು: "ಲೇ ತಮ್ಮಾ, ಇನ್ನೊಮ್ಮೆ ಅನ್ನು."

ಅಲ್ಲಿಂದ ನನ್ನ ನೌಕರಿ ಬದಲಾಯಿತು. ಹಿರಿಯರು ತುಟಿ ಆಡಿಸುವುದು, ನಾನು ದನಿ ಕೊಡುವುದು. ಊಟದ ಹೊತ್ತಿಗೆ ಅವರು ರೊಟ್ಟಿಯ ದಪ್ಪದ ಬಗ್ಗೆ ಅಡುಗೆಯಮ್ಮನನ್ನು ಕೆಣಕಿದರು, ಚಾಚಾ ಗೇರು ಹಾಕುವ ರೀತಿಗೆ ನೋಟಿಸು ಕೊಟ್ಟರು, "ಈ ಗೈಡ್ ಹುಡುಗನ ಮಾರಿ ನೋಡಿದ್ರ ತೋಳಾನೂ ಹೆದರತೈತಿ" ಎಂದು ನನ್ನ ಬಾಯಿಂದಲೇ ನನ್ನನ್ನು ಬೈದರು. ನಾನದನ್ನು ಅವರ ಗತ್ತಿನಲ್ಲೇ ಕೂಗಿದೆ. ಸಂಜೆ ಗುಡ್ಡದ ಅಂಚಿನಲ್ಲಿ ಕೂತಾಗ ಅವರು ಹಳೆಯ ಪ್ರಯಾಣಿಕರ ಕತೆ ಹೇಳಿದರು, ನಾನು ನುಡಿದೆ. ಕೆಳಗೆ ಊರುಗಳ ದೀಪ ಒಂದೊಂದಾಗಿ ಹತ್ತುತ್ತಿದ್ದವು. ಕೆಲವೊಮ್ಮೆ ಮಾತಾಡುತ್ತಿರುವುದು ಯಾರೆಂದು ನನಗೇ ಮರೆತುಹೋಗುತ್ತಿತ್ತು. ಸುಜಾತಾ ಮೊಣಕಾಲು ತಬ್ಬಿಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದರು.

ಮರುದಿನ ನಸುಕಿನಲ್ಲಿ ಅದೇ ಸುಜಾತಾ ಚಹಾದ ಲೋಟ ಹಿಡಿದು ನನ್ನನ್ನು ಅಡುಗೆಮನೆಯ ಹಿಂದೆ ಕರೆದರು.

"ನಿನ್ನೆ ಭಾಳ ಛಲೋ ಅನ್ನಿಸ್ತು. ರಾತ್ರಿ ನಿದ್ದಿ ಬರಲಿಲ್ಲ ನೋಡ್ರಿ" ಎಂದರು. "ಆ ಮಶೀನ್ ಅವರ ಚೀಲದಾಗ ಹಾಕ್ಕೊಂಡ ಬಂದೇನಿ. ಅಪ್ಪ ಇನ್ನ ಅದನ್ನ ಯಾಕ ಮುಟ್ತಾರ? ಅದಕ್ಕಿಂತ ಛಲೋ ದನಿ ಸಿಕ್ತು. ನಾಳೆ ನಾವು ಹೊಂಟ ಮ್ಯಾಲೆ ಅವರು ಯಾರ ಬಾಯಿಲೆ ಮಾತಾಡಬೇಕು?"

ಅನುವಾದ ನಿಲ್ಲಿಸುತ್ತೇನೆಂದೆ. "ನಿಲ್ಲಿಸಿದ್ರ ಸಿಟ್ಟಾಗಿ ಸುಮ್ಮನ ಕುಂಡರ್ತಾರ. ಮನ್ಯಾಗ ಅದ ಮಾಡ್ಯಾರ" ಎಂದರು. ಹಾಗಾದರೆ ಇನ್ನೊಂದು ದಾರಿ ಇದೆ, ಆದರೆ ಅದಕ್ಕೆ ನಾನು ನಿಮ್ಮ ಅಪ್ಪನಿಂದ ಹೊಡೆಸಿಕೊಳ್ಳಲು ತಯಾರಿರಬೇಕು ಎಂದೆ.

ದಾರಿ ಸರಳ. ಅವರು ಅಂದದ್ದನ್ನು ಬಿಟ್ಟು ಬೇರೆ ಏನೋ ಹೇಳುವುದು, ತಿದ್ದಲು ಅವರೇ ಯಂತ್ರ ಹಿಡಿಯಬೇಕಾಗುವ ಹಾಗೆ.

ಜೀಪು ಹೊರಟಿತು. ಹಿರಿಯರ ತುಟಿ ಅಂದಿತು: "ಇವತ್ತರ ತೋಳ ತೋರಿಸ್ತಿ ಏನಲೇ?" ನಾನು ಅವರ ಗಂಭೀರ ದನಿಯಲ್ಲಿ ಸಾರಿದೆ: "ಸುಜಾ, ನೀ ಹೇಳಿದ್ದೆಲ್ಲಾ ಖರೆ, ನಾನ ಮೊಂಡ." ಅವರ ಕಣ್ಣು ದೊಡ್ಡದಾಯಿತು. "ನಾ ಹಂಗ ಅಂದಿಲ್ಲ!" ಎಂದಿತು ತುಟಿ. "ಖಾದರ ಚಾಚಾನ ಡ್ರೈವಿಂಗ್ ನನಗ ಭಾಳ ಸೇರೇತಿ" ಎಂದೆ ನಾನು. ಚಾಚಾ ಹಿಗ್ಗಿ ಇನ್ನೊಂದು ಗುಂಡಿಯಲ್ಲಿ ಜೀಪು ಇಳಿಸಿದರು. ಹಿರಿಯರು ಮಗಳ ಭುಜ ತಟ್ಟಿ ಅಲ್ಲ ಅಲ್ಲ ಎಂದು ತಲೆ ಅಲ್ಲಾಡಿಸಿದರು. "ಮಗಳ ಕೈಯಾಗಿನ ಹಾಗಲಕಾಯಿ ಪಲ್ಯ ದಿನಾ ಬೇಕು ನನಗ" ಎಂದೆ. ಮಹಾರುದ್ರಪ್ಪನವರು ನನ್ನನ್ನು ಸುಡುವಂತೆ ನೋಡಿ ಬಾಯಿಯನ್ನು ಬಿಗಿಯಾಗಿ ಮುಚ್ಚಿದರು.

ಆಮೇಲೆ ದಿನವಿಡೀ ತುಟಿಯೂ ಅಲುಗಲಿಲ್ಲ. ನಾಲ್ಕು ಕೊಂಬಿನ ಜಿಂಕೆ, ಕೊಂಡಕುರಿ ಕಂಡಿತು, ಅವರು ಏನೂ ಹೇಳಲಿಲ್ಲ. ಹುಲ್ಲಿನಿಂದ ಗೌಜಲಗಳು ಪುರ್ರನೆ ಎದ್ದವು, ನೋಡಿ ಸುಮ್ಮನಾದರು. ಊಟಕ್ಕೆ ಕೈಸನ್ನೆಯಲ್ಲೇ ರೊಟ್ಟಿ ಬೇಡವೆಂದರು. ಸುಜಾತಾ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿದ್ದರು. ಇದ್ದ ತುಟಿಯ ಮಾತನ್ನೂ ನಾನು ಕಳೆದೆನೇ ಎಂದು ಭಯವಾಯಿತು. ಪ್ರವಾಸಿ ವೃತ್ತಿಯಲ್ಲಿ ಪ್ರಾಣಿ ಕಾಣುವುದಕ್ಕೆ 'ಸೈಟಿಂಗ್' ಎನ್ನುತ್ತೇವೆ. ಸೈಟಿಂಗ್ ಆಗದ ದಿನಗಳಲ್ಲಿ ಗೈಡಿನ ಮುಖ ಹೇಗಿರುತ್ತದೆಂದು ಅಣಕಿಸಿ ನಾನು ಹಲವರನ್ನು ನಗಿಸಿದ್ದೆ. ಅಂದು ಕನ್ನಡಿಯಿಲ್ಲದೆಯೇ ಆ ಮುಖ ನನಗೆ ಬಂದಿತ್ತು.

ಸಂಜೆ ಗುಡ್ಡದ ತೆಂಕಣ ಇಳಿಜಾರಿಗೆ ಹೋದೆವು. ಚಾಚಾ ಎಂಜಿನ್ ಆರಿಸಿದರು. ಬಿಸಿಲು ಓರೆಯಾಗಿ ಹುಲ್ಲಿನ ತುದಿತುದಿಯಲ್ಲಿ ಕೂತಿತ್ತು. ಗಾಳಿ ಬೀಸಿದಾಗ ಇಡೀ ಇಳಿಜಾರು ಮಲಗಿದ ಯಾವುದೋ ದೊಡ್ಡ ಜೀವದ ಮೈಯಂತೆ ಏರಿ ಇಳಿಯುತ್ತಿತ್ತು. ಎಷ್ಟು ಹೊತ್ತು ಕೂತೆವೋ ತಿಳಿಯದು. ಬಲಗಡೆ ಕಣಿವೆಯಲ್ಲಿ ಒಂದು ನರಿ ಹಾದುಹೋಯಿತು. ನಾನು ಸುಜಾತಾ ಅವರಿಗೆ ಅದನ್ನು ತೋರಿಸುತ್ತಾ ಪೂರ್ತಿ ಆ ಕಡೆಗೆ ತಿರುಗಿದ್ದೆ. ನನ್ನ ಬೆನ್ನು ಮಹಾರುದ್ರಪ್ಪನವರಿಗಿತ್ತು.

ಬೆನ್ನ ಹಿಂದೆ ಚೀಲದ ಜಿಪ್ಪು ಎಳೆದ ಸದ್ದಾಯಿತು. ಆಮೇಲೆ ಗುಂಯ್ ಎಂದಿತು, ಮರದ ದುಂಬಿ ಬಂದ ಹಾಗೆ. ಆ ಗುಂಯ್ ಒಡೆದು ಅಕ್ಷರಗಳಾದವು, ಚಪ್ಪಟೆಯಾಗಿ, ಏರಿಳಿತವಿಲ್ಲದೆ.

"ಸುಜಾ. ಎಡಕ್ಕ. ತೋಳ."

ಎಡಗಡೆ, ಹುಲ್ಲಿನ ಗೆರೆಯ ಮೇಲೆ ಒಂದು ತೋಳ ನಿಂತಿತ್ತು. ಹುಲ್ಲಿನದೇ ಬಣ್ಣ. ಕಿವಿ ಎರಡೂ ನಮ್ಮತ್ತ. ಅಂಥ ಸದ್ದನ್ನು ಅದು ಹಿಂದೆಂದೂ ಕೇಳಿರಲಿಕ್ಕಿಲ್ಲ. ಓಡಲಿಲ್ಲ, ತಲೆ ಸ್ವಲ್ಪ ಓರೆ ಮಾಡಿ ಆಲಿಸಿತು. ಸುಜಾತಾ ಅದನ್ನು ನೋಡಲೇ ಇಲ್ಲ. ಅವರು ಅಪ್ಪನನ್ನು ನೋಡುತ್ತಿದ್ದರು. ಬಿಳಿ ಬಟ್ಟೆ ಸರಿಸಿ ಗಂಟಲಿಗೆ ಒತ್ತಿ ಹಿಡಿದ ಯಂತ್ರ, ತೋಳದ ಮೇಲೆ ನೆಟ್ಟ ಕಣ್ಣು.

ಮತ್ತೆ ಗುಂಯ್ ಎಂದಿತು. "ನನ್ನ ಏನ್ ನೋಡ್ತಿ? ತೋಳ ನೋಡವ್ವಾ. ಹೊಕ್ಕೇತಿ."

ಆಕೆ ತಿರುಗುವಷ್ಟರಲ್ಲಿ ತೋಳ ಎರಡು ಹೆಜ್ಜೆ ಇಟ್ಟು ಹುಲ್ಲಿನೊಳಗೆ ಕರಗಿತ್ತು. ಬಾಲದ ತುದಿಯಷ್ಟು ಕಂಡಿತೇನೋ. ಕಂಡಿತು ಎಂದೇ ಆಕೆ ಇಂದಿಗೂ ವಾದಿಸುತ್ತಾರೆ. ಮಹಾರುದ್ರಪ್ಪನವರು ಯಂತ್ರವನ್ನು ಇಳಿಸಲಿಲ್ಲ. ನನ್ನತ್ತ ತಿರುಗಿ ಹೇಳಿದರು: "ಹಾಗಲಕಾಯಿ ನಾ ತಿನ್ನಂಗಿಲ್ಲ. ತಿಳೀತೇನಲೇ?"

ಮರುದಿನ ಅವರನ್ನು ದಾವಣಗೆರೆ ಬಸ್ಸಿಗೆಂದು ಗದಗಿಗೆ ಬಿಡಲು ಹೊರಟಾಗ ದಾರಿಯ ಚಹಾದಂಗಡಿಯಲ್ಲಿ ನಿಂತೆವು. "ನಾಕು ಚಾ. ಒಂದರಾಗ ಸಕ್ರಿ ಕಡಿಮಿ" ಎಂದು ಹಿರಿಯರೇ ಹೇಳಿದರು. ಅಂಗಡಿಯವನು ಕೆಟಲ್ ಹಿಡಿದು ನಿಂತೇಬಿಟ್ಟ. ಅವರ ಕೈ ಒಂದು ಗಳಿಗೆ ಕೆಳಗಿಳಿಯಿತು. ನನ್ನ ಗಂಟಲಲ್ಲಿ ಅವರ ಹಳೆಯ ದನಿ ತಯಾರಾಗಿ ನಿಂತಿತ್ತು, ನುಂಗಿದೆ. ಸುಜಾತಾ ಕೂಡ ಬಾಯಿ ತೆರೆದು ಮುಚ್ಚಿದರು. ಹಿರಿಯರು ಯಂತ್ರವನ್ನು ಮತ್ತೆ ಗಂಟಲಿಗೆ ಹಚ್ಚಿ ಅದೇ ಮಾತನ್ನು ಇನ್ನೊಮ್ಮೆ, ನಿಧಾನವಾಗಿ ಹೇಳಿದರು. ಚಹಾ ಬಂತು.

ಈ ಕೆಲಸಕ್ಕೆ ಸೇರಿದಾಗ, ಗೈಡ್ ಎಂದರೆ ಅತಿಥಿಗಿಂತ ಮೊದಲು ನೋಡಿ, ಅತಿಥಿಗಿಂತ ಮೊದಲು ಹೇಳುವವನು ಎಂದುಕೊಂಡಿದ್ದೆ. ಈಗಲೂ ಹತ್ತರಲ್ಲಿ ಒಂಬತ್ತು ದಿನ ಅದನ್ನೇ ಮಾಡುತ್ತೇನೆ, ಬಾಯಿ ಕೇಳಬೇಕಲ್ಲ. ಉಳಿದೊಂದು ದಿನ ಎದುರಿಗಿರುವವರು ತಾವೇ ಏನನ್ನೋ ಹೇಳಲು ಹೊರಟಿರುತ್ತಾರೆ. ಆ ಹೊತ್ತು ಬಂತೆನಿಸಿದರೆ ನಾನು ಕಣಿವೆಯ ಕಡೆ ಮುಖ ಮಾಡಿ, ಕಂಡದ್ದನ್ನೂ ಕಾಣದವನಂತೆ, ಕಾಯುತ್ತಾ ಕೂರುತ್ತೇನೆ.