ಹೊಸ್ತಿಲಾಚೆ ನಿಂತವಳು

ಮಕ್ಕಳೇ, ನಿಮ್ಮ ಅವ್ವ ಹುಟ್ಟುವ ಮೊದಲು ನನಗೊಂದು ಹೆಣ್ಣುಮಗು ಇತ್ತು. ಅದರ ಸುದ್ದಿ ಎತ್ತಿದರೆ ಪಕ್ಕದ ಮನೆಯವಳ ಸುದ್ದಿಯೂ ಬರುತ್ತದೆ. ಅದಕ್ಕೇ ಇಷ್ಟು ದಿನ ಯಾರ ಮುಂದೆಯೂ ಹೇಳಲಿಲ್ಲ.

ಎಪ್ಪತ್ತರ ದಶಕದ ಮಾತು. ಮದುವೆಯಾಗಿ ಬೆಳಗಾವಿಯ ಶಹಾಪುರಕ್ಕೆ ಬಂದಾಗ ನನಗೆ ಮರಾಠಿ ಬಾರದು. ಪಕ್ಕದ ನೇಕಾರರ ಮನೆಯ ಸೊಸೆಗೆ ಕನ್ನಡ ಬಾರದು. ಆದರೂ ದಿನಾ ಮಧ್ಯಾಹ್ನ ಅಕ್ಕಿ ಆರಿಸುತ್ತಾ ಕೂಡುತ್ತಿದ್ದೆವು. ಅವಳದು ಅವಳ ಮಾತು, ನನ್ನದು ನನ್ನ ಮಾತು. ನಿಮ್ಮಜ್ಜ ನಗುತ್ತಿದ್ದರು: "ಒಬ್ಬಾಕಿ ಪುಣೆಕ್ಕ ಹೊಂಟಾಳ, ಒಬ್ಬಾಕಿ ಧಾರವಾಡಕ್ಕ. ಒಂದ ಬಸ್ಸಿನ್ಯಾಗ ಹೆಂಗ ಕುಂತೀರಿ?"

ಮಗು ಹುಟ್ಟಿದಾಗ ಅದಕ್ಕೆ ನೀರೆರೆಯಲು ನನಗೆ ಅಂಜಿಕೆ. ಅದನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ ಎರೆಯುತ್ತಿದ್ದವಳು ಅವಳೇ.

ಹತ್ತು ತಿಂಗಳಿಗೆ ಜ್ವರ ಬಂದು ಮೂರೇ ದಿನದಲ್ಲಿ ಮಗು ಹೋಯಿತು. ನಮ್ಮಲ್ಲಿ ಸೂತಕ ಹಿಡಿಯುವುದಿಲ್ಲ. ಸಾವಿನ ಮನೆಗೆ ಓಣಿಯವರೆಲ್ಲ ಬಂದು ತಬ್ಬಿಕೊಂಡು ಅಳುತ್ತಾರೆ. ಅಂದೂ ಬಂದರು. ಅವಳೊಬ್ಬಳು ಮಾತ್ರ ಹೊಸ್ತಿಲಾಚೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ನಾನು ಕೈ ಚಾಚಿದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ನನ್ನ ಮಗುವಿನ ಹೆಣ ಅವಳಿಗೆ ಮೈಲಿಗೆಯಾಯಿತು ಅಂದುಕೊಂಡೆ.

ವಾರ ಕಳೆದ ಮೇಲೆ ಬಂದು ಬಾಗಿಲು ಬಡಿದಳು. ನಾನು ಚಿಲಕ ತೆಗೆಯಲಿಲ್ಲ. ಒಳಗೆ ಗೋಡೆಗೆ ಮುಖ ಮಾಡಿ ಕುಳಿತೆ. ಬಹಳ ಹೊತ್ತು ಕರೆದಳು. ಎರಡು ತಿಂಗಳಿಗೆ ನಿಮ್ಮಜ್ಜನಿಗೆ ಖಾನಾಪುರದ ಕಟ್ಟಿಗೆ ಅಡ್ಡೆಯಲ್ಲಿ ಕೆಲಸ ಸಿಕ್ಕಿತು. ಅವಳಿಗೆ ಹೇಳದೆಯೇ ಊರು ಬಿಟ್ಟೆ.

ಖಾನಾಪುರದಲ್ಲಿ ಸುತ್ತೆಲ್ಲ ಮರಾಠಿಯವರೇ. ಕೆಲವು ವರ್ಷಗಳಲ್ಲಿ ನನಗೂ ಮಾತು ಬಂತು. ಒಮ್ಮೆ ನಿಮ್ಮ ಅವ್ವನ ಹುಟ್ಟುಹಬ್ಬಕ್ಕೆ ಅಲ್ಲಿನ ನೆರೆಯವಳನ್ನು ಕರೆದರೆ ಅಂಗಳದಲ್ಲೇ ನಿಂತು ಮರಾಠಿಯಲ್ಲಿ ಅಂದಳು: "ಬ್ಯಾಡ್ರೀ ಬಾಯಿ, ನಮ್ಮ ಭಾವ ತೀರ್‍ಯಾರ, ಸೂತಕ ಐತಿ. ಹತ್ತು ದಿನ ಯಾರ ಮನ್ಯಾಗೂ ಕಾಲಿಡೂದುಲ್ಲ, ಯಾರ್‍ನೂ ಮುಟ್ಟೂದುಲ್ಲ. ನಿಮ್ಮ ಕೂಸಿಗೆ ನಮ್ಮದ್ಯಾಕ ತಗಲಬೇಕು?"

ಕೈಯಲ್ಲಿದ್ದ ತಟ್ಟೆ ಅಲ್ಲೇ ಇಟ್ಟೆ. ನನ್ನ ಮಗು ಹೋದ ವಾರವೇ ಶಹಾಪುರದವಳ ಗಂಡ ತಲೆ ಬೋಳಿಸಿಕೊಂಡು ಊರಿನಿಂದ ಬಂದದ್ದನ್ನು ನಾನೇ ನೋಡಿದ್ದೆ. ದೇವರಿಗೆ ಮುಡಿ ಕೊಟ್ಟಿರಬೇಕು ಅಂದುಕೊಂಡಿದ್ದೆ.

ಮರುದಿನವೇ ಬೆಳಗಾವಿಯ ಬಸ್ಸು ಹತ್ತಿದೆ. ಅವಳು ಅದೇ ಮನೆಯಲ್ಲಿದ್ದಳು, ಕಿವಿಯ ಬಳಿ ಕೂದಲು ನರೆಯತೊಡಗಿತ್ತು. ಕುರ್ಚಿ ಹಾಕಿದಳು, ಚಹಾ ಕೊಟ್ಟಳು. ಮರಾಠಿಯಲ್ಲೇ ತಪ್ಪಾಯಿತು ಅಂದೆ. ಈಗ ಅವಳ ಒಂದೊಂದು ಮಾತೂ ನನಗೆ ತಿಳಿಯುತ್ತಿತ್ತು.

"ನಮ್ಮ ಮನೆಯವರ ದೊಡ್ಡಪ್ಪ ತೀರಿದ್ದರು. ಸೂತಕ ಕಳೆದ ದಿನವೇ ಸ್ನಾನ ಮಾಡಿ ನಿಮ್ಮ ಬಾಗಿಲಿಗೆ ಬಂದೆ," ಅಂದಳು. ನನ್ನ ಕಡೆ ತಿರುಗಿ ಕೇಳಿದಳು: "ಒಳಗೆ ನನ್ನ ದನಿ ಕೇಳಿಸಿತ್ತೇ?"

ಇಲ್ಲ ಅನ್ನಬಹುದಿತ್ತು. "ಕೇಳಿಸಿತ್ತು," ಅಂದೆ.

ಅವಳು ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಹೊರಗೆ ಬಂದವಳು ಮತ್ತೆ ಕುಳಿತುಕೊಳ್ಳಲಿಲ್ಲ. "ಐದಕ್ಕೆ ಖಾನಾಪುರದ ಬಸ್ಸಿದೆ. ಈಗ ಹೊರಟರೆ ನಿಮಗೆ ಸಿಗುತ್ತದೆ," ಅಂದಳು.