ಬೆಸುಗೆಯ ಸಂದು

ಗಜೇಂದ್ರಗಡದ ಗುರುರಾಜ ಮಾಸ್ತರರು ಮೊದಲು ಫೌಜಿನ ವಿಷದ ಉಗ್ರಾಣದಲ್ಲಿದ್ದವರು. ಮೈಮೇಲೆ ಗುಳ್ಳೆ ಎಬ್ಬಿಸುವ ಎಣ್ಣೆಯಂಥ ವಿಷವನ್ನು ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಸುಟ್ಟುಹಾಕಿದರು. ಅದು ತುಂಬಿದ್ದ ಪೀಪಾಯಿಗಳನ್ನು ತೊಳೆದ ನೀರನ್ನು ಪರೀಕ್ಷಿಸಿ, ವಿಷ ಉಳಿದಿಲ್ಲವೆಂದು ತಳದಲ್ಲಿ ಬಿಳಿ ಬಣ್ಣದ ಸಹಿ ಹಾಕುವುದು ಇವರ ಕೆಲಸವಾಗಿತ್ತು.

೧೯೫೩ರಲ್ಲಿ ರಾಜೂರಿನ ಶಿವನಪ್ಪ ಸಂತೆಯಲ್ಲಿ ಕೊಂಡ ಪೀಪಾಯಿಯೊಂದನ್ನು ಚಕ್ಕಡಿಯಲ್ಲಿ ತಂದ.

"ಫೌಜಿನ ಗುರುತು ಐತ್ರಿ, ಮಾಸ್ತರ. ಹುಣಸಿಹಣ್ಣು, ಬೂದಿ ಹಚ್ಚಿ ಮೂರ್ ಸಲ ತಿಕ್ಕೇನಿ. ವಾಸನಿ ಇಲ್ಲ. ಕುಡಿಯೋ ನೀರು ತುಂಬಲೇನ್ರಿ?"

"ವಾಸನಿ ಹೋದ್ರ ವಿಷಾ ಹೋತೇನು?" ಎಂದು ರೇಗಿ ಮಾಸ್ತರರು ಪೀಪಾಯಿ ಹೊರಳಿಸಿದರು. ತಳದಲ್ಲಿ ಮಾಸಿದ ಸಹಿ ಅವರದೇ ಆಗಿತ್ತು. ಅಂದು ತೊಳೆದ ನೀರನ್ನಷ್ಟೇ ನೋಡಿದ್ದರು. ಬೆಸುಗೆಯ ಸಂದನ್ನು ಕೆರೆದಿರಲಿಲ್ಲ.

ಈಗ ಚಾಕುವಿನಿಂದ ಕೆರೆದರು. ಪರೀಕ್ಷೆಯ ಔಷಧ ಊರಲ್ಲಿ ಎಲ್ಲಿಂದ ಬರಬೇಕು? ಚಿಟಿಕೆ ತುಕ್ಕನ್ನು ಒದ್ದೆ ಬಟ್ಟೆಯಲ್ಲಿಟ್ಟು ತಮ್ಮ ಮುಂಗೈಗೇ ಕಟ್ಟಿಕೊಂಡರು.

ಮರುದಿನ ಶಿವನಪ್ಪ ಬಂದಾಗ ಮುಂಗೈಯಲ್ಲಿ ರೂಪಾಯಿಯಗಲದ ಗುಳ್ಳೆ ಎದ್ದಿತ್ತು.

"ದೇವರ ದೊಡ್ಡಾಂವ್ರಿ, ನಮ್ಮ ಮನಿ ಉಳೀತು," ಎಂದ ಅವನು.

ಮಾಸ್ತರರು ಗುಳ್ಳೆಯನ್ನೇ ನೋಡುತ್ತಿದ್ದರು.

"ನಿಂದೊಂದು ಸಿಕ್ತು, ಶಿವನಪ್ಪ. ನಾ ಸಹಿ ಹಾಕಿದ್ದು ನಾಕನೂರು."